ಫಾರಂನಲ್ಲಿ ‘ಹೌದು’, ಪಾಸ್‌ಬುಕ್ಕಿನಲ್ಲಿ ಇಲ್ಲ

ಊರಿಗೆ ಹೋದಾಗ ‘ಈಗ ಎಲ್ಲಿ ಕೆಲಸ?’ ಅಂತ ಯಾರಾದರೂ ಕೇಳಿದರೆ ನಮಗೆ ತಡವರಿಸುವ ಹಾಗಾಗುತ್ತದೆ. ಓದಿದ್ದು ಪತ್ರಿಕೋದ್ಯಮ. ಆದರೆ ಪೇಪರಿನಲ್ಲೂ ಇಲ್ಲ, ಟಿವಿಯಲ್ಲೂ ಇಲ್ಲ. ‘ಥಿಂಕ್ ಟ್ಯಾಂಕ್‌ನಲ್ಲಿ’ ಅಂದಾಗ ನಮ್ಮಲ್ಲೊಬ್ಬರ ದೊಡ್ಡಪ್ಪ, ‘ವಾಟರ್‌ಮನ್ ಕೆಲಸಾನಾ? ಪಂಚಾಯ್ತಿಯವರು ಸಂಬಳ ಸರಿಯಾಗಿ ಕೊಡ್ತಾರಾ?’ ಅಂತ ಕೇಳಿದ್ದರು. ಸರ್ಕಾರದ ಯೋಜನೆ ಜನರಿಗೆ ಮುಟ್ಟುತ್ತಿದೆಯಾ ಅಂತ ನೋಡಿ ವರದಿ ಬರೆಯುವ ಕೆಲಸ ಅಂತ ಆಮೇಲೆ ಬಿಡಿಸಿ ಹೇಳಿದೆವು. ‘ಬರೆದ್ರೆ ಏನಾಗುತ್ತೆ?’ ಅಂದರು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಆಫೀಸು ಬೆಂಗಳೂರಿನಲ್ಲಿ. ಅಲ್ಲಿರುವವರು ದೊಡ್ಡ ದೊಡ್ಡ ಅರ್ಥಶಾಸ್ತ್ರ ಓದಿದವರು. ಹಳ್ಳಿಗೆ ಹೋಗಿ ಮಾತಾಡಿಸಲು ನಾವಿಬ್ಬರು. ಪ್ರಶ್ನೆಗಳು ಇಂಗ್ಲಿಷಿನಲ್ಲಿ ತಯಾರಾಗಿ ಕನ್ನಡಕ್ಕೆ ಬರುತ್ತವೆ. ‘ಕಳೆದ ಹಣಕಾಸು ವರ್ಷದಲ್ಲಿ ನಿಮ್ಮ ಕುಟುಂಬವು ಎಷ್ಟು ಮಾನವ ದಿನಗಳ ಉದ್ಯೋಗವನ್ನು ಪಡೆದಿದೆ?’ ಅಂತ ಇರುತ್ತದೆ. ಹಾಗೇ ಓದಿದರೆ ಎದುರಿಗೆ ಕೂತವರು ನಮ್ಮ ಮುಖ ನೋಡುತ್ತಾರೆ. ಅದಕ್ಕೆ ನಾವು ‘ಹೋದ ಯುಗಾದಿಯಿಂದ ಈ ಯುಗಾದಿಗೆ ಎಷ್ಟು ವಾರ ಖಾತ್ರಿ ಕೆಲಸಕ್ಕೆ ಹೋಗಿದ್ರಿ?’ ಅಂತ ಕೇಳುತ್ತೇವೆ. ಆಗ ಲೆಕ್ಕ ತಾನಾಗಿ ಬರುತ್ತದೆ.

2024ರ ಜುಲೈನಲ್ಲಿ ರಾಯಚೂರು ಜಿಲ್ಲೆಯ ಒಂದು ಊರಿನಲ್ಲಿ ಉದ್ಯೋಗ ಖಾತ್ರಿಯ ಸರ್ವೆ ಮಾಡುತ್ತಿದ್ದೆವು. ಆ ವರ್ಷ ನಮ್ಮ ರಾಜ್ಯದಲ್ಲಿ ದಿನದ ಕೂಲಿ 349 ರೂಪಾಯಿ. ಅಲ್ಲಿ ಒಬ್ಬ ಅವ್ವ ಬೇಸಿಗೆಯಲ್ಲಿ ಎರಡು ವಾರ, ಅಂದರೆ 12 ದಿನ, ಕೆರೆ ಹೂಳೆತ್ತಿದ್ದರು. 4188 ರೂಪಾಯಿ ಬರಬೇಕಿತ್ತು. ಪಾಸ್‌ಬುಕ್ ತೋರಿಸಿದರು. ಒಂದು ಪೈಸೆ ಬಂದಿರಲಿಲ್ಲ. ‘ಕೂಲಿ ಬಂದಿದೆಯೇ?’ ಎಂಬ ಪ್ರಶ್ನೆಗೆ ‘ಇಲ್ಲ’ ಅಂತ ಗುರುತು ಹಾಕಿಕೊಂಡೆವು.

‘ಇದ್ರಾಗ ಬರ್ಕೊಂಡ್ರ ನನ್ನ ರೊಕ್ಕ ಬರ್ತೈತೇನ್ರೀ?’ ಅಂದರು. ಆಫೀಸಿನಲ್ಲಿ ಕಲಿಸಿದಂತೆ, ‘ಇದು ಅಧ್ಯಯನಕ್ಕೆ ಮಾತ್ರ ಯವ್ವಾ’ ಅಂದು ಎದ್ದೆವು.

ರಾತ್ರಿ ಲಾಡ್ಜಿನಲ್ಲಿದ್ದಾಗ ಬೆಂಗಳೂರಿನಿಂದ ಫೋನ್. ಜಾಬ್ ಕಾರ್ಡ್ ನಂಬರ್ ಹಾಕಿ ಸರ್ಕಾರದ ವೆಬ್‌ಸೈಟ್ ನೋಡಿದ್ದರು. ಆ ಅವ್ವನ ಕೂಲಿ ಜಮಾ ಆಗಿದೆ ಅಂತ ಅಲ್ಲಿತ್ತು. ‘ಹಳ್ಳಿಯವರಿಗೆ ನೆನಪಿರಲ್ಲ, ದಾಖಲೆ ಪ್ರಕಾರ ಸರಿ ಮಾಡಿ’ ಅಂದರು. ಪಾಸ್‌ಬುಕ್ಕನ್ನು ನಾವೇ ಕಣ್ಣಾರೆ ನೋಡಿದ್ದೆವು. ಆದರೂ ‘ಇಲ್ಲ’ ಇದ್ದದ್ದನ್ನು ‘ಹೌದು’ ಮಾಡಿದೆವು. ಮರುದಿನ ಬೇರೆ ಊರಿಗೆ ಹೋಗಬೇಕಿತ್ತು, ಸುಸ್ತಾಗಿತ್ತು, ಕೆಲಸ ಹೊಸದು. ಇಷ್ಟೇ ಕಾರಣ.

ಒಂದು ತಿಂಗಳ ನಂತರ ಮರು ಪರಿಶೀಲನೆಗೆ ಅದೇ ಊರಿಗೆ ಹೋದೆವು. ಅವ್ವ ದೂರದಿಂದಲೇ ಗುರುತು ಹಿಡಿದರು. ‘ಬಂದಿಲ್ಲಂತ ಬರ್ಕೊಂಡು ಹೋಗಿದ್ರೆಲ್ಲ, ಏನಾತು?’ ಬದಲಾಯಿಸಿದ್ದನ್ನು ಹೇಳುವ ಧೈರ್ಯ ಬರಲಿಲ್ಲ. ‘ನೋಡೋಣ ಬರ್ರಿ’ ಅಂದೆವು.

ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ನಿಮ್ಮ ಮನೆಯಲ್ಲೂ ಹೀಗಾಗಿರಬಹುದು. 2024ರ ಜನವರಿ 1ರಿಂದ ಖಾತ್ರಿ ಕೂಲಿಯನ್ನು ಆಧಾರ್ ಮೂಲಕವೇ ಹಾಕುವುದು ಕಡ್ಡಾಯವಾಯಿತು. ಹಣ ಹೋಗುವುದು ನೀವು ಪಂಚಾಯ್ತಿಗೆ ಕೊಟ್ಟ ಪಾಸ್‌ಬುಕ್ ನಂಬರಿಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಅದು ಯಾವ ಬ್ಯಾಂಕು ಅಂತ ಮೈಆಧಾರ್ ವೆಬ್‌ಸೈಟಿನಲ್ಲಿ ನೋಡಬಹುದು, ಆದರೆ ಒಟಿಪಿ ಬೇಕು. ಅವ್ವನ ಆಧಾರ್‌ಗೆ ಇದ್ದದ್ದು ಮಗನ ನಂಬರ್. ಅವನು ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿದ್ದ. ಮೂರು ಸಲ ಫೋನ್ ಮಾಡಿ, ಅವನು ಕಟ್ಟಡದಿಂದ ಕೆಳಗಿಳಿದು ಬಂದು ನಂಬರ್ ಹೇಳುವಷ್ಟರಲ್ಲಿ ಎರಡು ಒಟಿಪಿಗಳ ಸಮಯ ಮುಗಿದಿತ್ತು.

ಕೊನೆಗೆ ತೆರೆದುಕೊಂಡಿತು. ಅವ್ವ ಹೆಸರೇ ಕೇಳಿರದ ಒಂದು ಬ್ಯಾಂಕು. ಯೋಚಿಸಿ ಯೋಚಿಸಿ ಅವರೇ ನೆನಪು ಮಾಡಿಕೊಂಡರು: ಜಾತ್ರೆಯಲ್ಲಿ ಕೊಡೆ ಹಾಕಿಕೊಂಡು ಸಿಮ್ ಮಾರುತ್ತಿದ್ದ ಹುಡುಗ ಎರಡು ಸಲ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದನಂತೆ. ಒಂದು ಸಿಮ್ಮಿಗೆ, ಇನ್ನೊಂದು ಖಾತೆಗೆ ಇರಬೇಕು.

ಬ್ಯಾಂಕಿನ ಹೆಸರು ಗೊತ್ತಾದರೆ ಆಧಾರ್ ನಂಬರ್ ಮತ್ತು ಹೆಬ್ಬೆಟ್ಟಿನಿಂದ ಬ್ಯಾಂಕ್ ಮಿತ್ರರ ಹತ್ತಿರ ಹಣ ತೆಗೆಯಬಹುದು. ಸಲಿಕೆ ಹಿಡಿದು ಸವೆದ ಬೆರಳು, ಮಿಷನ್ ಎರಡು ಸಲ ಒಪ್ಪಲಿಲ್ಲ. ಸೆರಗಿನಲ್ಲಿ ಒರೆಸಿ ಬೇರೆ ಬೆರಳು ಇಟ್ಟ ಮೇಲೆ ದುಡ್ಡು ಬಂತು, ಪೂರ್ತಿ 4188. ಮರುದಿನ ಅವರ ಹಳೇ ಬ್ಯಾಂಕಿಗೇ ಹೋಗಿ, ಆಧಾರ್ ಈ ಖಾತೆಗೆ ಜೋಡಿಸಿ ಅಂತ ಫಾರಂ ಕೊಟ್ಟೆವು.

ಕೂಲಿ 15 ದಿನದೊಳಗೆ ಬರಬೇಕು, ತಡವಾದರೆ ದಿನಕ್ಕೆ ಶೇ 0.05ರಷ್ಟು ಪರಿಹಾರ ಅಂತ ನಿಯಮ ಇದೆ. ಅವ್ವನ ಒಂದು ವಾರದ ಕೂಲಿಗೆ ಲೆಕ್ಕ ಹಾಕಿದರೆ ದಿನಕ್ಕೆ ಒಂದು ರೂಪಾಯಿ ಐದು ಪೈಸೆ. ‘ಐದು ಪೈಸಾ ಯಾರ್ ತಗೋತಾರ’ ಅಂತ ಅವರು ನಕ್ಕರು. ಆ ಒಂದು ರೂಪಾಯಿಯೂ ಇಲ್ಲ ಅಂತ ಹೇಳಬೇಕಾಯಿತು. ಕಾಗದದ ಪ್ರಕಾರ ಹಣ ತಡವಾಗಿಯೇ ಇಲ್ಲವಲ್ಲ!

ಬೆಂಗಳೂರಿಗೆ ಬಂದು, ಫೋನಿನ ಮಾತು ಕೇಳಿ ಬದಲಾಯಿಸಿದ ಏಳು ಫಾರಂಗಳನ್ನು ಮೇಜಿನ ಮೇಲಿಟ್ಟು ತಪ್ಪು ಒಪ್ಪಿಕೊಂಡೆವು. ‘ಹೌದು’, ‘ಇಲ್ಲ’ ಜೊತೆಗೆ ‘ದಾಖಲೆಯಲ್ಲಿ ಬಂದಿದೆ, ಕೈಗೆ ಬಂದಿಲ್ಲ’ ಅಂತ ಮೂರನೇ ಕಾಲಂ ಬೇಕು ಅಂದೆವು. ಒಂದೂವರೆ ಗಂಟೆ ವಾದ ನಡೆಯಿತು. ಸರ್ವೆ ಅರ್ಧ ಮುಗಿದ ಮೇಲೆ ಕಾಲಂ ಸೇರಿಸಿದರೆ ಮೊದಲು ಹೋದ ಊರುಗಳ ಲೆಕ್ಕ ಹೊಂದುವುದಿಲ್ಲ ಅಂದರು. ಆ ಮಾತು ಸುಳ್ಳಲ್ಲ ಅನ್ನೋದೇ ನಮಗೆ ಹೆಚ್ಚು ಸಿಟ್ಟು ತರಿಸಿತು. ಏಳೂ ಫಾರಂ ಮತ್ತೆ ‘ಇಲ್ಲ’ ಆದವು. ಕಾರಣ ಮಾತ್ರ ವರದಿಯಲ್ಲಿ ಅಡಿಟಿಪ್ಪಣಿಯಾಯಿತು, ನಾಲ್ಕು ಸಾಲು.

ವರದಿ ಅಚ್ಚಾದ ಮೇಲೆ ಒಂದು ಪ್ರತಿ ಹಿಡಿದು ಆ ಊರಿಗೆ ಹೋದೆವು. ಅವ್ವ ಹತ್ತಿ ಬಿಡಿಸಿ ಆಗಷ್ಟೇ ಬಂದಿದ್ದರು. ‘ಇದ್ರಾಗ ನಾ ಎಲ್ಲದೀನಿ?’ ಅಂತ ಕೇಳಿದರು. ಇಂಗ್ಲಿಷ್ ಪುಟದ ತಳದಲ್ಲಿದ್ದ ಸಣ್ಣ ಅಕ್ಷರ ತೋರಿಸಿ ಕನ್ನಡದಲ್ಲಿ ಹೇಳಿದೆವು. ಸ್ವಲ್ಪ ಹೊತ್ತು ನೋಡಿ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು.

‘ಅದಿರ್ಲಿ, ಬಾಜು ಮನಿಯಾಕಿದೂ ಬಂದಿಲ್ಲ, ಅದನ್ನ ನೋಡ್ರಿ’ ಅಂದು ಗೋಡೆಯಾಚೆ ಕೂಗಿದರು. ಆಕೆ ಆಧಾರ್ ಕಾರ್ಡ್ ತಂದರು, ನಾವು ಫೋನ್ ತೆಗೆದೆವು. ಅದಕ್ಕೆ ಜೋಡಣೆಯಾಗಿದ್ದ ನಂಬರ್ ಸ್ವಿಚ್ ಆಫ್ ಆಗಿತ್ತು.