ಅರ್ಧ ಪಾಠ

ಶ್ರೀಮಂಗಲದ ನಮ್ಮ ಮನೆಯ ಏರುದಾರಿಯನ್ನು ಬಲ್ಲವರಿಗೆ ಮೊಮ್ಮಗನ ಆಸೆ ವಿಚಿತ್ರವೆನಿಸದು. ತನ್ನ 250 ವ್ಯಾಟಿನ ವಿದ್ಯುತ್ ಸೈಕಲ್ ಏರಿನಲ್ಲಿ ಸೋಲುತ್ತದೆಂದು, ಮೋಟಾರಿಗೆ ಇಮ್ಮಡಿ ಕರೆಂಟು ಹಾಯಿಸುವ ಕಂಟ್ರೋಲರ್ ಜೋಡಿಸಲು ಹೊರಟಿದ್ದ. “ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಶಕ್ತಿ. ನೀವೇ ಹೇಳಿಕೊಟ್ಟದ್ದಲ್ಲವೇ ಅಜ್ಜ?” ಎಂದಾಗ ಉಬ್ಬಿಹೋಗಿ ಒಪ್ಪಿದೆ.

ಮೂರನೆಯ ದಿನ ಅರ್ಧ ಏರಿನಲ್ಲಿ ಸುಟ್ಟ ವಾಸನೆ. ಸೈಕಲ್ ನಿಂತು, ಹುಡುಗ ತೋಟದ ಬೇಲಿಯ ಮೇಲೆ ಬಿದ್ದು ಮೊಣಕೈ ತರಚಿಕೊಂಡ. ಬಿಚ್ಚಿ ನೋಡಿದರೆ ಮೋಟಾರಿನ ತಾಮ್ರದ ಸುರುಳಿ ಕರಕಲಾಗಿತ್ತು. ಕರೆಂಟು ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ಚಕ್ರ ನಿಧಾನವಾದಷ್ಟೂ ವಿದ್ಯುತ್ತಿನ ಹೆಚ್ಚಿನ ಪಾಲು ಚಲನೆಯಾಗದೆ ಶಾಖವೇ ಆಗುತ್ತದೆ. ಜೌಲನ ಈ ನಿಯಮವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿಲ್ಲ! ಬೇಕಾದ ಹೊತ್ತಿಗೆ ಅರ್ಧ ಪಾಠವಷ್ಟೇ ನೆನಪಾಯಿತು.

ಇನ್ನೊಂದು ಮಾತನ್ನೂ ಮರೆತಿದ್ದೆ. 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್ ಮಿತಿಯೊಳಗಿದ್ದರೆ ಮಾತ್ರ ಅದು ಕಾನೂನಿನ ಕಣ್ಣಿಗೆ ಸೈಕಲ್. ಮೀರಿದರೆ ನೋಂದಣಿ, ಪರವಾನಗಿ ಬೇಕಾದ ಮೋಟಾರು ವಾಹನ. ಶಕ್ತಿ ಹೆಚ್ಚಿಸಿದವರು ಬ್ರೇಕನ್ನು ಹೆಚ್ಚಿಸಿರಲಿಲ್ಲ. ಹುಡುಗ ಇಳಿಜಾರಿನಲ್ಲಿ ಬೀಳಲಿಲ್ಲವೆಂಬುದೇ ಪುಣ್ಯ.

ಹೊಸ ಮೋಟಾರಿಗೆ ಹಳೆಯ ಕಂಟ್ರೋಲರೇ ಮರಳಿದೆ. ಈಗ ಏರು ಬಂದರೆ ಅವನು ಗೇರ್ ಇಳಿಸಿ ಪೆಡಲ್ ತುಳಿಯುತ್ತಾನೆ. ನಾನು ಅವನಲ್ಲಿ ಕ್ಷಮೆ ಕೇಳಿದೆ. ನಿಮ್ಮಲ್ಲಿ ಯಾರಿಗಾದರೂ ಅರ್ಧ ಪಾಠ ಹೇಳಿದ್ದರೆ, ಮಕ್ಕಳೇ, ಮನ್ನಿಸಿ.