ತೆಂಗಿನ ಗರಿಯ ಗಿಳಿ

ಕಳೆದ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ಅಮೆರಿಕದಲ್ಲಿರುವ ನನ್ನ ಮೊಮ್ಮಗಳು ಒಂದು ಚಿತ್ರವನ್ನು ಕಳುಹಿಸಿದ್ದಳು. ಅವರ ಮನೆಯ ಮುಂಬಾಗಿಲಿಗೆ ಕೆಂಪು, ಹಳದಿ ಬಣ್ಣಕ್ಕೆ ತಿರುಗಿದ ಮೇಪಲ್ ಎಲೆಗಳನ್ನು ಒಣಬಳ್ಳಿಗೆ ಸಿಕ್ಕಿಸಿ ಮಾಡಿದ ಒಂದು ಚಕ್ರ. ಮೆಟ್ಟಿಲ ಮೇಲೆ ಎರಡು ಕುಂಬಳಕಾಯಿ. ಜೊತೆಗೆ, "ಅಜ್ಜಿ, ಶರತ್ಕಾಲ ಬಂದರೆ ನಿಮ್ಮ ಊರಿನಲ್ಲಿ ಏನು ಮಾಡುತ್ತೀರಿ?" ಎಂಬ ಪ್ರಶ್ನೆ. ನಾವು ಕುಂಬಳಕಾಯಿಯನ್ನು ಮೆಟ್ಟಿಲ ಮೇಲೆ ಇಡುವುದಿಲ್ಲ ಮಗೂ, ಆಯುಧಪೂಜೆಯ ದಿನ ನಡುರಸ್ತೆಯಲ್ಲಿ ಒಡೆಯುತ್ತೇವೆ, ಅದರ ಮೇಲೆ ಸ್ಕೂಟರಿನವರು ಜಾರಿ ಬೀಳುತ್ತಾರೆ ಎಂದು ಬರೆಯಹೊರಟವಳು ಕೈತಡೆದೆ.

ನಮ್ಮ ಬಸವೇಶ್ವರನಗರದಲ್ಲಿ ಎಲೆ ಕೆಂಪಾಗುವ ಕಾಲವೆಂಬುದಿಲ್ಲ. ಆಶ್ವಯುಜ, ಕಾರ್ತಿಕ ಮಾಸಗಳು ಸೇರಿ ಶರದೃತು ಎಂದು ಪಂಚಾಂಗ ಹೇಳುತ್ತದೆ. ಹೊಂಗೆಯ ಮರಗಳು ಮಾತ್ರ ಅದನ್ನು ಕೇಳಿಸಿಕೊಂಡಂತೆ ತೋರುವುದಿಲ್ಲ, ಹಸಿರಾಗಿಯೇ ನಿಂತಿರುತ್ತವೆ. ನಮಗೆ ಶರತ್ಕಾಲವೆಂದರೆ ನವರಾತ್ರಿ, ಮಾವಿನ ತೋರಣ, ಬಾಳೆಕಂದು, ಚೆಂಡುಹೂವು, ಮತ್ತು ಗೊಂಬೆ ಕೂರಿಸುವುದು.

1981ರಲ್ಲಿ ಮದುವೆಯಾಗಿ ರಾಜಾಜಿನಗರದ ಮನೆಗೆ ಬಂದಾಗ ನನ್ನ ತಾಯಿ ಕೊಟ್ಟ ಪಟ್ಟದ ಗೊಂಬೆಗಳ ಜೋಡಿಯೊಂದು ನನ್ನ ಪೆಟ್ಟಿಗೆಯಲ್ಲಿತ್ತು. ಅತ್ತೆಯವರು ರಾಜ ರಾಣಿಯರನ್ನು ಎತ್ತಿ ನೋಡಿ ಮೇಲಿನ ಮೆಟ್ಟಿಲಿನಲ್ಲಿಟ್ಟರು. ಆದರೆ ಅವರ ನಿಜವಾದ ಅಕ್ಕರೆಯಿದ್ದುದು ಮೆಟ್ಟಿಲುಗಳ ಬುಡದಲ್ಲಿ ಹೂಡುತ್ತಿದ್ದ ಪಾರ್ಕಿನ ಮೇಲೆ. ಪಾರ್ಕಿಗೆ ಕಾಸು ಕೊಟ್ಟು ಏನನ್ನೂ ತರಬಾರದೆಂಬುದು ಅವರ ಕಟ್ಟಳೆ. ಗುಲ್‌ಮೊಹರ್‌ನ ಒಣಗಿದ ಕಾಯಿ ಸೀಳಿದರೆ ದೋಣಿ, ಸರ್ವೆಯ ಕಾಯಿಗಳು ಪೊದೆಗಳು, ಹುಣಸೆಬೀಜದ ಕಾಲುದಾರಿ, ತೆಂಗಿನ ನಾರಿನ ಗೂಡು, ಒಡೆದ ಕನ್ನಡಿಯ ಕೊಳ. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಹಳೆಯ ತಟ್ಟೆಗಳಲ್ಲಿ ತೆಳುವಾಗಿ ಮಣ್ಣು ಹರಡಿ ಚೆಲ್ಲುತ್ತಿದ್ದರು. ಒಂದು ತಟ್ಟೆ ಕಿಟಕಿಯ ಬಳಿಗೆ; ಇನ್ನೊಂದಕ್ಕೆ ಬುಟ್ಟಿ ಮುಚ್ಚಿ ಅಡುಗೆಮನೆಯ ಮೂಲೆಗೆ. ವಾರದ ಹೊತ್ತಿಗೆ ಮೊದಲನೆಯದು ಹಚ್ಚ ಹಸುರು, ಎರಡನೆಯದು ಬಂಗಾರದ ಹಳದಿ. "ಇದು ನಾಟಿ ಮಾಡಿದ ಗದ್ದೆ, ಅದು ಕೊಯ್ಲಿಗೆ ಬಂದದ್ದು" ಎನ್ನುತ್ತಿದ್ದರು.

ಬಿ.ಎಡ್. ಮುಗಿಸಿದ ಹೊಸತು, ಜೀವಶಾಸ್ತ್ರದ ಶಿಕ್ಷಕಿ ಬೇರೆ. ಬೆಳಕಿಲ್ಲದಿದ್ದರೆ ಸಸಿಯಲ್ಲಿ ಪತ್ರಹರಿತ್ತು ಉಂಟಾಗುವುದಿಲ್ಲ, ಆದ್ದರಿಂದ ಹಳದಿ ಎಂದು ನಾನು ವಿವರಿಸಿದೆ. ಅತ್ತೆ ಪೂರ್ತಿ ಕೇಳಿ, "ಅದಕ್ಕೊಂದು ಹೆಸರೂ ಇದೆಯೇನಮ್ಮಾ? ನನಗೆ ಬುಟ್ಟಿ ಇದ್ದರೆ ಸಾಕು" ಎಂದರು. ಆ ಮಾತಿಗೆ ಅಂದು ನಕ್ಕಿದ್ದೆ. ಅದರಿಂದ ಏನನ್ನೂ ಕಲಿಯಲಿಲ್ಲವೆಂಬುದು ಮುಂದೆ ಹೇಳಲಿರುವ ಪ್ರಸಂಗದಿಂದ ನಿಮಗೆ ತಿಳಿಯುತ್ತದೆ.

ಅದು 1994. ದಸರಾ ರಜೆಗೆ ಮುಂಚೆ ಶಾಲೆಯಲ್ಲಿ ಶಾರದಾ ಪೂಜೆ. ಒಂಬತ್ತನೆಯ ತರಗತಿಗೆ ನಾನು ತರಗತಿ ಶಿಕ್ಷಕಿ. ಆಗ ಎಲ್ಲೆಲ್ಲೂ ಥರ್ಮೋಕೋಲಿನ ಮೋಹ. ಮಕ್ಕಳಿಂದ ತಲಾ ಎರಡು ರೂಪಾಯಿ ಸಂಗ್ರಹಿಸಿ ಹಾಳೆಗಳನ್ನು ತರಿಸಿ, ಕೊರೆದು, ಮಿನುಗು ಅಂಟಿಸಿ ಮಂಟಪ ಮಾಡಿಸಿದೆ. ಒಬ್ಬ ಹುಡುಗ ಎರಡು ರೂಪಾಯಿ ಕೊಟ್ಟಿರಲಿಲ್ಲ. ಅವನ ತಂದೆ ಮದುವೆಮನೆಗಳಿಗೆ ಚಪ್ಪರ ಹಾಕುವವರು. ಪೂಜೆಯ ದಿನ ಬೆಳಿಗ್ಗೆ ಅವನು ಹೆಗಲ ಮೇಲೆ ತೆಂಗಿನ ಗರಿಯ ಹೊರೆ ಹೊತ್ತು ಬಂದ. ಗರಿಯಲ್ಲಿ ಹೆಣೆದ ಉದ್ದನೆಯ ಸರಪಳಿ. ಅದಕ್ಕೆ ಅಲ್ಲಲ್ಲಿ ತೂಗುಬಿಟ್ಟ ಗಿಳಿಗಳು, ಗಿರಿಗಿಟ್ಟಲೆಗಳು. "ಮಿಸ್, ಬಾಗಿಲಿಗೆ ಕಟ್ಟಲಾ?" ಎಂದು ಕೇಳಿದ.

"ಇದೇನು ಮದುವೆ ಚಪ್ಪರವೇನಪ್ಪಾ? ಸೈಕಲ್ ಸ್ಟ್ಯಾಂಡಿನಲ್ಲಿ ಇಟ್ಟು ಬಾ" ಎಂದೆ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನೆಂದು ನೆನಪು. ಅವನು ಏನೂ ಹೇಳದೆ ಹೊರೆಯನ್ನೆತ್ತಿಕೊಂಡು ಹೋದ. ತಿರುಗಿ ಬಂದು ಹಿಂದಿನ ಬೆಂಚಿನಲ್ಲಿ ಕುಳಿತ.

ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ನಾಚಿಕೆ ತರುವಂಥದು. ಅದರ ಹಿಂದಿನ ವಾರವಷ್ಟೇ ನಾನು ಅದೇ ತರಗತಿಯಲ್ಲಿ ಏಕದಳ ಸಸ್ಯಗಳ ಎಲೆಯ ಸಮಾನಾಂತರ ನಾಳವಿನ್ಯಾಸವನ್ನು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದೆ. ಮಾವಿನೆಲೆಯಲ್ಲಿ ನಾಳಗಳು ಬಲೆಯಂತೆ ಹರಡಿರುವುದರಿಂದ ಅದನ್ನು ಎಳೆದರೆ ಅಡ್ಡಾದಿಡ್ಡಿ ಹರಿಯುತ್ತದೆ. ತೋರಣಕ್ಕೆ ಮಡಿಸಿ ಕಡ್ಡಿ ಚುಚ್ಚಬೇಕು. ತೆಂಗಿನ ಗರಿಯಲ್ಲಿ ನಾಳಗಳು ಸಾಲಾಗಿ ಓಡುವುದರಿಂದ ಉಗುರಿನಲ್ಲಿ ಸೀಳಿದರೂ ತುದಿಯವರೆಗೆ ನೇರವಾಗಿ ಬರುತ್ತದೆ. ನಡುವಿನ ಕಡ್ಡಿ ತೆಗೆದರೆ ಪಟ್ಟಿ ಸಿದ್ಧ, ಬೇಕಾದಂತೆ ಬಾಗುತ್ತದೆ. ಆ ಪಾಠ ಸಜೀವವಾಗಿ ಹುಡುಗನ ಹೆಗಲೇರಿ ಬಾಗಿಲಿಗೆ ಬಂದಿತ್ತು. ಅದನ್ನು ನಾನು ಸೈಕಲ್ ಸ್ಟ್ಯಾಂಡಿಗೆ ಕಳುಹಿಸಿದೆ.

ರಜೆ ಮುಗಿಸಿ ಬಂದಾಗ ಥರ್ಮೋಕೋಲಿನ ಮಂಟಪ ಮುರಿದು, ಬಿಳಿಯ ಕಾಳುಗಳು ಅಂಗಳದ ತುಂಬ ಹಾರಾಡುತ್ತಿದ್ದವು. ಆಯಾ ಗುಡಿಸಿದಷ್ಟೂ ಮುಗಿಯಲಿಲ್ಲ. ಸ್ಟ್ಯಾಂಡಿನ ಕಂಬಕ್ಕೆ ಯಾರೋ ಸುತ್ತಿದ್ದ ಗರಿಯ ಸರಪಳಿ ಒಣಗಿ ಕಂದಾಗಿತ್ತು, ಒಂದು ಹೆಣಿಗೆಯೂ ಬಿಚ್ಚಿರಲಿಲ್ಲ. ನೋಡಿದೆ. ಅವನನ್ನು ಕರೆದು ಒಂದು ಮಾತು ಹೇಳಬಹುದಾಗಿತ್ತು. ಹೇಳಲಿಲ್ಲ. ಮುಂದಿನ ವರ್ಷ ಎಸ್‌.ಎಸ್‌.ಎಲ್‌.ಸಿ. ಪಾಸಾಗಿ ಹೋದ.

2016ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ನಿಷೇಧಿಸಿದ ವಸ್ತುಗಳಲ್ಲಿ ಥರ್ಮೋಕೋಲಿನ ಸಾಮಗ್ರಿಗಳೂ ಇದ್ದವು. 2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲಿಗೆ ದೇಶದಾದ್ಯಂತ ನಿಷೇಧ ಬಂತು. ಪತ್ರಿಕೆಯಲ್ಲಿ ಓದಿದ ಎರಡು ಸಲವೂ ನನಗೆ ನೆನಪಾದದ್ದು ಆ ಹಿಂದಿನ ಬೆಂಚು.

ಮೊಮ್ಮಗಳ ಪ್ರಶ್ನೆಗೆ ಈ ವರ್ಷವಾದರೂ ಕೈಯಿಂದಲೇ ಉತ್ತರ ಕೊಡೋಣವೆಂದು ಹೊರಟಿದ್ದೇನೆ. ರಾಗಿಯ ಗದ್ದೆ ನನಗೆ ಬರುತ್ತದೆ, ಬುಟ್ಟಿಯೂ ಇದೆ. ಪಕ್ಕದ ಮನೆಯವರು ತೆಂಗಿನಮರ ಸವರಿಸಿದಾಗ ಎರಡು ಹಸಿರು ಗರಿ ಕೇಳಿ ತಂದೆ. ಸುಳಿಯ ಎಳೆಗರಿ ಹೆಣೆಯಲು ಇನ್ನೂ ಮೃದು, ಆದರೆ ಅದಕ್ಕೆ ಕೈಹಾಕಲು ನನಗೆ ಮನಸ್ಸಿಲ್ಲ. ತೆಂಗಿಗೆ ಬೆಳೆಯುವ ತುದಿ ಒಂದೇ, ಅದಕ್ಕೆ ಪೆಟ್ಟು ಬಿದ್ದರೆ ಮರವೇ ಹೋಗುತ್ತದೆ. ಪಟ್ಟಿ ಸೀಳುವುದು ಸಲೀಸಾಯಿತು. ಗಿರಿಗಿಟ್ಟಲೆ ಮೂರನೆಯ ಸಲಕ್ಕೆ ತಿರುಗಿತು. ಗಿಳಿ ಮಾತ್ರ ಬಗ್ಗುತ್ತಿಲ್ಲ. ನಮ್ಮ ಯಜಮಾನರು ಕನ್ನಡಕ ಏರಿಸಿ ನೋಡಿ, "ಕೊಕ್ಕರೆ ಚೆನ್ನಾಗಿದೆ" ಎಂದರು. ಸರಪಳಿಯಂತೂ ಮೊದಲ ಹೆಣಿಗೆಯಲ್ಲೇ ಬಿಚ್ಚಿಕೊಳ್ಳುತ್ತದೆ.

ಆ ವರ್ಷದ ಒಂಬತ್ತನೆಯ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಹುಡುಗ ಯಾರೆಂದು ನಿಮಗೆ ತಿಳಿದಿರುತ್ತದೆ. ಹೆಸರನ್ನು ಇಲ್ಲಿ ಬರೆಯಬೇಡಿ. ಅವನು ಎಲ್ಲಿದ್ದಾನೆಂದು ಗೊತ್ತಿದ್ದರೆ ಇಷ್ಟು ತಿಳಿಸಿ: ಅಂದು ಮಿಸ್ ಆಡಿದ್ದು ತಪ್ಪು ಮಾತು. ಮನೆ ಅದೇ, ಬಾಗಿಲಿಗೆ ಇನ್ನೂ ಏನೂ ಕಟ್ಟಿಲ್ಲ. ಅವನಿಗೆ ಬಿಡುವಾದಾಗ, ಮನಸ್ಸಾದರೆ, ಒಮ್ಮೆ ಬಂದು ಆ ಮೊದಲ ಹೆಣಿಗೆಯನ್ನು ಹಾಕಿ ತೋರಿಸಲಿ.