ತರಗುಪೇಟೆಯಲ್ಲಿ ಒಂದು ಮಧ್ಯಾಹ್ನ

ಮಗಳ ಪುಸ್ತಕದಲ್ಲಿ ಇಬ್ನು ಖಲ್ದೂನ್ ಬಗ್ಗೆ ಒಂದು ಪುಟವಿತ್ತು. ಅವರು 1332ರಲ್ಲಿ ಹುಟ್ಟಿದ್ದು ಉತ್ತರ ಆಫ್ರಿಕಾದ ಟ್ಯೂನಿಸ್‌ನಲ್ಲಿ. ಆ ನಗರದ ಚಿತ್ರಗಳನ್ನು ಅವಳು ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. ಸಾಲುಮರಗಳ ಅಗಲವಾದ ರಸ್ತೆ. ಅದರಾಚೆ ಒಂಟಿಯಾಗಿ ನಿಂತ ಕಲ್ಲಿನ ಹೆಬ್ಬಾಗಿಲು. ಅದನ್ನು ದಾಟಿದರೆ ಓಣಿಗಳ ಹಳೆ ಪೇಟೆ, ಅದರ ನಡುವೆ ಝೈತೂನಾ ಮಸೀದಿ.

“ಒಂದೇ ಊರಿನಲ್ಲಿ ಎರಡು ಊರು ಹೇಗಿರುತ್ತೆ ಅಬ್ಬಾ?” ಎಂದಳು.

ನಾಳೆ ಬಾ, ಪಾಸ್‌ಪೋರ್ಟ್ ಇಲ್ಲದೆಯೇ ತೋರಿಸುತ್ತೇನೆ ಎಂದೆ.

ಚಿಕ್ಕಬಾಣಾವರದ ನಮಗೆ ಬೆಂಗಳೂರು ಎಂದರೆ ಈಗಲೂ ‘ಸಿಟಿ’. ರೈಲು ಹತ್ತಿ, ಯಶವಂತಪುರ ದಾಟಿ, ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹಿಡಿದು ಮೊದಲು ಎಂ.ಜಿ. ರಸ್ತೆಗೆ ಹೋದೆವು. ಅಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ಗಾಜಿನ ಅಂಗಡಿಗಳನ್ನು ನೋಡಿದೆವು, ಕಾಫಿಯ ಬೆಲೆ ನೋಡಿ ಹೊರಬಂದೆವು. ಟ್ಯೂನಿಸ್‌ನ ಆ ಅಗಲ ರಸ್ತೆಯ ಹೊಸ ಊರು ಬೆಳೆದದ್ದು 1881ರಲ್ಲಿ ಫ್ರೆಂಚರು ಬಂದ ಮೇಲೆ. ಇಲ್ಲಿ ಬ್ರಿಟಿಷರ ದಂಡು ಬಂದದ್ದು 1809ರಲ್ಲಿ. ಈ ರಸ್ತೆ ಅವರ ಸೌತ್ ಪರೇಡ್. ಗೆದ್ದವರು ಹಳೆ ಊರಿನೊಳಗೆ ಬಾಳಲು ಹೋಗುವುದಿಲ್ಲ, ಪಕ್ಕದಲ್ಲಿ ತಮ್ಮದೊಂದನ್ನು ಕಟ್ಟಿಕೊಳ್ಳುತ್ತಾರೆ. ಪೇಟೆ ಮತ್ತು ದಂಡು ಒಂದೇ ನಗರಸಭೆಯಡಿ ಬಂದದ್ದು 1949ರಲ್ಲಷ್ಟೇ.

ಮತ್ತೆ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದೆವು. ಕೆಂಪೇಗೌಡರ ಪೇಟೆಗೂ ಬಾಗಿಲುಗಳಿದ್ದವು. ಕಲ್ಲು ಉಳಿದಿಲ್ಲ, ಹೆಸರು ಉಳಿದಿದೆ: ಹಲಸೂರು ಗೇಟ್ ಎಂಬುದು ಈಗ ಪೊಲೀಸ್ ಠಾಣೆ! ಅವೆನ್ಯೂ ರಸ್ತೆಯಾದ ದೊಡ್ಡಪೇಟೆಯಲ್ಲಿ ಹಳೆ ಪುಸ್ತಕಗಳ ರಾಶಿಯ ಮುಂದೆ ಮಗಳು ಅರ್ಧ ಗಂಟೆ ಕಳೆದಳು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ನಾನು ಹೇಳುತ್ತಾ ಹೋದಂತೆ ಅವಳು ಬೆರಳೆಣಿಸಿದಳು. ಟ್ಯೂನಿಸ್‌ನಲ್ಲೂ ಹೀಗೆಯೇ, ಕಸುಬಿಗೊಂದು ಓಣಿ. ಅತ್ತರಿನವರು ಮಸೀದಿಯ ಮಗ್ಗುಲಲ್ಲಿ, ವಾಸನೆ ಹೊಡೆಯುವ ತೊಗಲಿನ ಕೆಲಸದವರು ದೂರದ ಅಂಚಿನಲ್ಲಿ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಧರ್ಮರಾಯಸ್ವಾಮಿ ಗುಡಿಯ ಕರಗ ಬಂದು ಹೋಗುತ್ತದೆ ಎಂದಾಗ, “ಇದು ಪುಸ್ತಕದಲ್ಲಿ ಇಲ್ಲವಲ್ಲ” ಎಂದಳು.

ತರಗುಪೇಟೆಗೆ ಹೋಗುವ ಯೋಚನೆ ನನಗಿರಲಿಲ್ಲ. ಅವಳೇ ಹಠ ಹಿಡಿದಳು. “ದಾದಾ ಧಾನ್ಯದ ವ್ಯಾಪಾರ ಮಾಡ್ತಿದ್ದ ಜಾಗ ತೋರಿಸಿ.”

ಆ ಮಾತು ನಾನೇ ಹೇಳಿಕೊಟ್ಟದ್ದು. ಬೀಗರ ಮುಂದೆಯೂ ಅದನ್ನೇ ಹೇಳಿದ್ದೆ. ನನ್ನ ತಂದೆ ವ್ಯಾಪಾರಿಯಾಗಿರಲಿಲ್ಲ, ಹಮಾಲಿಯಾಗಿದ್ದರು. ನೂರು ಕಿಲೋದ ಮೂಟೆಗಳನ್ನು ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ಲಾರಿಗೆ ಹೊರುತ್ತಿದ್ದರು. ಸ್ವಂತ ಕೈಯ ದುಡಿಮೆಯನ್ನು ಪ್ರವಾದಿ(ಸ) ಎಷ್ಟು ಮೆಚ್ಚಿದರೆಂದು ನಾನು ಸಭೆಗಳಲ್ಲಿ ಮಾತನಾಡಿದ್ದೇನೆ. ಮನುಷ್ಯನ ಗಳಿಕೆಯೆಂದರೆ ಅವನ ದುಡಿಮೆಯ ಬೆಲೆಯೇ ಎಂದು ಇಬ್ನು ಖಲ್ದೂನ್ ‘ಮುಖದ್ದಿಮ’ದಲ್ಲಿ ವಾದಿಸಿದ್ದನ್ನು ಹಿಂದಿನ ರಾತ್ರಿಯಷ್ಟೇ ಮಗಳಿಗೆ ವಿವರಿಸಿದ್ದೆ. ಸ್ವಂತ ಮನೆಯಲ್ಲಿ ಮಾತ್ರ ಆ ಪದ ಬಾಯಿಗೆ ಬರಲಿಲ್ಲ.

ತರಗುಪೇಟೆ ಮೊದಲಿನಂತಿಲ್ಲ. ಸಗಟು ವ್ಯಾಪಾರ ಸಾಕಷ್ಟು ಯಶವಂತಪುರದ ಯಾರ್ಡಿಗೆ ಹೋಗಿದೆ. ಆದರೂ ಒಣಮೆಣಸಿನಕಾಯಿಯ ಘಾಟು ಹಾಗೆಯೇ ಇದೆ, ಮಗಳು ಸೀನುತ್ತಲೇ ನಡೆದಳು. ಆ ಅಂಗಡಿಯ ಹಳೆ ಶೆಟ್ಟರು ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತಿದ್ದರು. ನನ್ನನ್ನು ಗುರುತು ಹಿಡಿದರು. ಬೇರೇನಾದರೂ ಮಾತು ತೆಗೆಯೋಣವೆಂದು ನಾನು ಬೇಳೆಯ ದರ ಕೇಳಿದೆ. ಅವರು ಮಗಳ ಕಡೆ ತಿರುಗಿದರು.

“ನಿಮ್ಮ ತಾತ ನಮ್ಮಲ್ಲಿ ಮೂವತ್ತು ವರ್ಷ ಮೂಟೆ ಹೊತ್ತರಮ್ಮ. ಓದು ಬರಹ ಇರಲಿಲ್ಲ. ಆದರೆ ಆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕೋರು. ನಮ್ಮ ಗುಮಾಸ್ತನ ಲೆಕ್ಕ ತಪ್ಪುತ್ತಿತ್ತು, ಅವರದ್ದು ತಪ್ಪುತ್ತಿರಲಿಲ್ಲ.”

ಮಗಳು ನನ್ನ ಮುಖ ನೋಡಲಿಲ್ಲ, ಗೋಡೆ ನೋಡಿದಳು. ಸುಣ್ಣ ಬಳಿದಿದ್ದರು, ಗೀಟು ಯಾವುದೂ ಕಾಣುತ್ತಿರಲಿಲ್ಲ. ಶೆಟ್ಟರು ಕೊಟ್ಟ ಚಹಾ ಕುಡಿದು, ಎರಡು ಕಿಲೋ ತೊಗರಿಬೇಳೆ ಕೊಂಡು ಹೊರಟೆವು. ಚೀಲವನ್ನು ನಾನು ಹಿಡಿಯಲು ಹೋದರೆ ಕೊಡಲಿಲ್ಲ.

ಸಂಜೆಯ ರೈಲಿನಲ್ಲಿ ಯಶವಂತಪುರದವರೆಗೂ ಅವಳು ಮಾತಾಡಲಿಲ್ಲ. ನಾನು ಹೇಳಬೇಕೆಂದುಕೊಂಡ ಸಮಜಾಯಿಷಿ ಗಂಟಲಲ್ಲೇ ಉಳಿಯಿತು. ಗಾಡಿ ಮತ್ತೆ ಹೊರಟಾಗ ಕೇಳಿದಳು:

“ದಾದಾ ಮೂಟೆ ಹೊರುತ್ತಿದ್ದದ್ದು ಯಾವ ಹೆಗಲ ಮೇಲೆ?”

ಎಡಹೆಗಲು ಎಂದೆ. ಅಲ್ಲಿ ಚರ್ಮ ಕಪ್ಪಾಗಿ, ಗಟ್ಟಿಯಾಗಿತ್ತು. ಚಿಕ್ಕವನಿದ್ದಾಗ ಸಾಸಿವೆ ಎಣ್ಣೆ ಹಚ್ಚಿ ತಿಕ್ಕುವುದು ನನ್ನ ಕೆಲಸವಾಗಿತ್ತು. ಚಿಕ್ಕಬಾಣಾವರ ಬರುವವರೆಗೂ ಅವಳು ಕೇಳುತ್ತಲೇ ಇದ್ದಳು, ನಾನು ಹೇಳುತ್ತಲೇ ಇದ್ದೆ.